ಕೊಳಗ ಯಾರ ಕೈಯಲ್ಲಿತ್ತು, ಮಾರಾಯ?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ನಾನು ಮಳೆಯ ಸುದ್ದಿ ತೆಗೆದೆ. ನಿನಗೆ ಗೊತ್ತಾಗಿರುತ್ತದೆ. ನಲವತ್ತು ವರ್ಷದ ಸ್ನೇಹ, ನಾನು ಮಳೆ-ಬೆಳೆ ಶುರುಮಾಡಿದೆ ಅಂದರೆ ಎಲ್ಲಿಂದಲೋ ತಪ್ಪಿಸಿಕೊಳ್ಳುತ್ತಿದ್ದೇನೆ ಅಂತಲೇ ಲೆಕ್ಕ. "ನೀನಿನ್ನೂ ಅದೇ ಪಕ್ಷದಲ್ಲೇ ಇದ್ದೀಯೇನೋ?" ಅಂದೆಯಲ್ಲ, ಅದಕ್ಕೆ ಹೌದು-ಇಲ್ಲ ಅಂತ ಹೇಳಿ ಮುಗಿಸಲು ಆಗಲಿಲ್ಲ. ಬರೆದು ನೋಡುತ್ತೇನೆ. ನಮ್ಮಂಥವರು ಇನ್ನೂ ಬೇಕಾದಷ್ಟು ಜನ ಇದ್ದಾರೆ ಅನ್ನುವ ಗುಮಾನಿಯಿಂದ ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

1985ರ ಚುನಾವಣೆ ನೆನಪಿದೆಯಾ? ಆಗ ವೋಟು ಹಾಕಲು 21 ತುಂಬಬೇಕಿತ್ತು, ನಮಗೆ ಹತ್ತೊಂಬತ್ತು. ವೋಟೇ ಇಲ್ಲದ ನಾವಿಬ್ಬರು ಬಕೆಟ್ಟಿನಲ್ಲಿ ಸುಣ್ಣ, ಕೆಮ್ಮಣ್ಣು ಕಲಸಿಕೊಂಡು ರಾತ್ರಿಯೆಲ್ಲ ಗೋಡೆ ಬರೆದೆವು. ಚಕ್ರದೊಳಗೆ ನೇಗಿಲು ಹೊತ್ತ ರೈತ, ಜನತಾ ಪಕ್ಷದ ಚಿಹ್ನೆ. ಚಕ್ರವನ್ನು ನೀನು ಚೆನ್ನಾಗಿ ಎಳೆಯುತ್ತಿದ್ದೆ, ರೈತನ ಕಾಲು ಮಾತ್ರ ಒಂದು ಗೋಡೆಯಲ್ಲೂ ಸರಿ ಬರಲಿಲ್ಲ. ಕೊಕ್ಕರೆ ಕಾಲು! ನಾನು ನಕ್ಕರೆ ನೀನು, "ಗೇಣಿ ಕೊಟ್ಟು ಉಳಿದ ರೈತ ಮಾರಾಯ, ಹೀಗೇ ಇರೋದು" ಅಂದಿದ್ದೆ.

ನಮಗೆ ಹುಚ್ಚು ಹಿಡಿಸಿದ್ದು ಒಂದು ರಾಜೀನಾಮೆ. 1984ರ ಲೋಕಸಭೆಯಲ್ಲಿ ರಾಜ್ಯದ 28ರಲ್ಲಿ ಜನತಾ ಪಕ್ಷಕ್ಕೆ ನಾಲ್ಕೇ ಸ್ಥಾನ ಬಂತು. ವಿಧಾನಸಭೆಗೂ ಅದಕ್ಕೂ ಸಂಬಂಧವಿರಲಿಲ್ಲ, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಕುರ್ಚಿಯಲ್ಲಿ ಕೂತೇ ಇರಬಹುದಿತ್ತು. ಜನರ ವಿಶ್ವಾಸ ಹೋಗಿದೆ ಅಂತ ಎದ್ದು ಬಂದು ಮತ್ತೆ ಚುನಾವಣೆಗೆ ಹೋದರು, 139 ಸ್ಥಾನ ಗೆದ್ದರು. ಲೆಕ್ಕಾಚಾರವೂ ಇತ್ತು ಅನ್ನುತ್ತೀಯ, ಇರಲಿ. ಲೆಕ್ಕಾಚಾರ ಮಾಡುವವರೂ ಮರ್ಯಾದೆಯ ದಾರಿಯಲ್ಲೇ ಲೆಕ್ಕ ಹಾಕಬೇಕಾಗಿದ್ದ ಕಾಲ ಅದು. ಆಮೇಲೆ ಅವರ ಪಂಚಾಯತಿ ಮಂತ್ರಿ ನಜೀರ್ ಸಾಬರ ಪಂಚಾಯತಿ. 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಮೀಸಲು. ಅಡುಗೆಮನೆ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದ ನಮ್ಮ ದೊಡ್ಡಮ್ಮ ಕುರ್ಚಿಯ ಮೇಲೆ ಕೂತು, ಬೋರ್‌ವೆಲ್ ಎಲ್ಲಿ ಕೊರೆಯಬೇಕು ಅಂತ ಗಂಡಸರಿಗೆ ಹೇಳಿದ್ದನ್ನು ನಾವು ಕಿಟಕಿಯಿಂದ ಇಣುಕಿ ನೋಡಿದ್ದೆವು.

ಆದರೆ ನನ್ನ ಪಕ್ಷನಿಷ್ಠೆ ಶುರುವಾದದ್ದು ಅಲ್ಲಿಂದಲ್ಲ. ನಮ್ಮ ಮನೆ ಅಟ್ಟದ ಮೇಲೆ ಧಾನ್ಯ ಅಳೆಯುವ ಒಂದು ಮರದ ಕೊಳಗ ಇತ್ತಲ್ಲ, ಬಾಯಿಗೆ ಕಬ್ಬಿಣದ ಪಟ್ಟಿ ಹೊಡೆದದ್ದು? ಅಪ್ಪ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಇಂಥದ್ದೇ ಕೊಳಗದ ವಿಷಯಕ್ಕೆ. ಗೇಣಿ ಅಳೆಯುವ ಕೊಳಗ ದೊಡ್ಡದು, ಬೇರೆ ವ್ಯವಹಾರದ ಕೊಳಗ ಚಿಕ್ಕದು. ತೆಗೆದುಕೊಳ್ಳುವಾಗ ರಾಶಿ ತುಂಬಿಸುವುದು, ಕೊಡುವಾಗ ಬಾಯಿ ಸವರಿ ಕೊಡುವುದು. ಸಮಾಜವಾದಿ ನಾಯಕ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ನಮ್ಮ ಕಡೆಯ ಸಮಾಜವಾದಿ ಶಾಂತವೇರಿ ಗೋಪಾಲಗೌಡರ ಭಾಷಣವನ್ನು ಅಪ್ಪ ಅರ್ಧಂಬರ್ಧ ಬಾಯಿಪಾಠ ಹೇಳುತ್ತಿದ್ದ. ಉಳುವವನೇ ಹೊಲದೊಡೆಯ ಎಂಬ ಕೂಗು ಕಾನೂನಾಗಿದ್ದು ಮಾತ್ರ 1974ರಲ್ಲಿ, ಅದೂ ದೇವರಾಜ ಅರಸರ ಕೈಯಲ್ಲಿ, ಅಂದರೆ ನಾವು ವಿರೋಧಿಸುತ್ತಿದ್ದ ಕಾಂಗ್ರೆಸ್ಸಿನಲ್ಲಿ. ಗೇಣಿ ಭೂಮಿಯ ಹಕ್ಕು ಕೇಳುವ ಫಾರಂ 7 ಅನ್ನು ಅಪ್ಪ ತುಂಬಿಸಿ ಭೂ ನ್ಯಾಯಮಂಡಳಿಗೆ ಎಷ್ಟು ಸಲ ಅಲೆದನೋ. ಎರಡೂವರೆ ಎಕರೆ ಸಿಕ್ಕಿದ ದಿನ, "ಕಾನೂನು ಅರಸು ಮಾಡಿದ್ದು, ಕೂಗಿದ್ದು ನಾವು" ಅಂದ. ಸಾಯುವ ತನಕ ವೋಟು ಹಾಕಿದ್ದು ಕೂಗಿದವರಿಗೆ.

ಆ ಕೂಗಿನ ವಾರಸುದಾರರು ಏನಾದರು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಜನತಾ ಪಕ್ಷ 1988ರಲ್ಲಿ ಜನತಾದಳ ಆಯ್ತು, 1999ರಲ್ಲಿ ದಳ ಒಡೆಯಿತು. ಒಂದು ಚೂರಿಗೆ ಬಾಣ, ಇನ್ನೊಂದಕ್ಕೆ ತೆನೆ ಹೊತ್ತ ಮಹಿಳೆ. ನಮ್ಮ ಚೂರು ಹೆಸರಿನ ಕೊನೆಗೆ "ಜಾತ್ಯತೀತ" ಅಂತ ಸೇರಿಸಿಕೊಂಡಿತು, ಅದೇ ಜೆಡಿಎಸ್. 2006ರಲ್ಲಿ ಬಿಜೆಪಿ ಜತೆ ಸರ್ಕಾರ, 2018ರಲ್ಲಿ ಕಾಂಗ್ರೆಸ್ ಜತೆ, 2023ರ ಸೆಪ್ಟೆಂಬರಿನಲ್ಲಿ ಬಿಜೆಪಿಯ ಎನ್‌ಡಿಎ ಕೂಟ. ನಾವು ಆರಾಧಿಸಿದ ಹೆಗಡೆಯವರೂ 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಮಂತ್ರಿ. ಅಂದಹಾಗೆ ಒಂದು ತಮಾಷೆ ಗೊತ್ತಾ? ಪಕ್ಷವನ್ನು ಚುನಾವಣಾ ಆಯೋಗದಲ್ಲಿ ನೋಂದಾಯಿಸಬೇಕಾದರೆ ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಅಂತ ಪಕ್ಷದ ನಿಯಮಾವಳಿಯಲ್ಲಿ ಬರೆದುಕೊಡಲೇಬೇಕು, 1989ರಿಂದ ಹಾಗೆ ಕಾನೂನಿದೆ. ಎಲ್ಲರೂ ಬರೆದುಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ ಈ ದೇಶದಲ್ಲಿ ಸಮಾಜವಾದಿಯಲ್ಲದ ನೋಂದಾಯಿತ ಪಕ್ಷವೇ ಇಲ್ಲ!

ಮೈತ್ರಿಗಳನ್ನು ನಾನು ನುಂಗಿಕೊಂಡೆ. ಗಂಟಲಲ್ಲಿ ಸಿಕ್ಕಿಕೊಂಡದ್ದು 2020ರ ಭೂಸುಧಾರಣೆ ತಿದ್ದುಪಡಿ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಂಗಳನ್ನು ಬಿಜೆಪಿ ಸರ್ಕಾರ ಕಿತ್ತುಹಾಕಿತು. ಮೊದಲು ವಿರೋಧ ಅಂದಿದ್ದ ನಮ್ಮವರು ಡಿಸೆಂಬರಿನಲ್ಲಿ ವಿಧಾನ ಪರಿಷತ್ತಿನಲ್ಲಿ ಮಸೂದೆಯ ಪರ ನಿಂತರು. ಆಕ್ಷೇಪಗಳಲ್ಲಿ ಕೆಲವನ್ನು ಸರ್ಕಾರ ಒಪ್ಪಿಕೊಂಡಿದೆ ಅನ್ನುವ ಸಮಜಾಯಿಷಿ ಬಂತು. ಟಿವಿ ಆರಿಸಿ ಅಟ್ಟ ಹತ್ತಿ ಕೊಳಗದ ಮೇಲಿನ ಧೂಳು ಒರೆಸಿದೆ. ಅಪ್ಪ ಇರಲಿಲ್ಲ, ಪುಣ್ಯ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದರೆ ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಅದೇ ವಾರ ಮಗ ಬಂದು, "ಅಪ್ಪಾ, ಇನ್ನು ತೋಟಕ್ಕೆ ಬೆಂಗಳೂರಿನವರೂ ಗಿರಾಕಿಗಳೇ, ಹೋಂಸ್ಟೇ ಮಾಡುವವರು ಒಳ್ಳೆ ರೇಟು ಕೊಡುತ್ತಾರಂತೆ" ಅಂದ. ಅವನಿಗೆ ಬೈದು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಕತ್ತಲಲ್ಲಿ ಗುಂಟೆಗೆ ಇಷ್ಟಾದರೆ ಎರಡೂವರೆ ಎಕರೆಗೆ ಎಷ್ಟು ಅಂತ ಲೆಕ್ಕ ಹಾಕುತ್ತಾ ಮಲಗಿದ್ದೆ ಕಣೋ. ಎರಡು ಸಲ ಗುಣಿಸಿ ನೋಡಿದೆ.

ಇನ್ನೊಂದು ಇದೆ. ನಮ್ಮ ಹೋಬಳಿಯ ಮುಖಂಡರು (ಹೆಸರು ಬೇಡ, ನಿನಗೆ ಗೊತ್ತು) ಪಕ್ಷ ಬಿಟ್ಟು ಹೋದಾಗ ಮನೆಮನೆಗೆ ಹೋಗಿ, "ಊರಿನ ಅಭಿವೃದ್ಧಿಗಾಗಿ, ಅನಿವಾರ್ಯ" ಅಂತ ಹೇಳಿದವನು ನಾನೇ. ನಮ್ಮ ಮನೆಯ ತಿರುವಿನವರೆಗೆ ಡಾಂಬರು ಬಂತು. ಅದೇ ವರ್ಷ ಎದುರು ಪಕ್ಷದವನೊಬ್ಬ ಹಾರಿದಾಗ "ಮಾರಿಕೊಂಡ" ಅಂತ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಾಡಿದ್ದೆ. ನಮ್ಮವರು ಹಾರಿದರೆ ಒಂದು ಕೊಳಗ, ಅವರು ಹಾರಿದರೆ ಇನ್ನೊಂದು.

ನಿನ್ನ ಭಾವನ ಕಥೆಯೂ ಇದೇ ಅಲ್ಲವಾ? ಅವರು ಹಳೇ ಬಿಜೆಪಿ, ಪಕ್ಷಕ್ಕೆ ಠೇವಣಿಯೂ ಸಿಗದ ಕಾಲದಲ್ಲಿ ಸೈಕಲ್ಲಿನಲ್ಲಿ ಬಾವುಟ ಕಟ್ಟಿಕೊಂಡು ತಿರುಗಿದವರು. 2019ರಲ್ಲಿ ಅವರನ್ನೂ ಕರೆದು, ನಿನ್ನೆಯವರೆಗೆ ಬೈದವನ ಪರ ವೋಟು ಕೇಳಿ ಅಂದರಂತೆ. ಸಿಟ್ಟಿನಿಂದಲೇ ಹೋದರು, ಹೋಗಿ ಕೇಳಿದರು. ಆ ವರ್ಷ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಕೈಬಿಟ್ಟ 17 ಶಾಸಕರು ಅನರ್ಹರಾದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ ಅಂದಿತು, ಆದರೆ ಮತ್ತೆ ಸ್ಪರ್ಧಿಸಬಹುದು ಅಂದಿತು. 13 ಮಂದಿ ಬಿಜೆಪಿ ಚಿಹ್ನೆಯಲ್ಲಿ ನಿಂತರು, 11 ಮಂದಿ ಗೆದ್ದರು. ಪಕ್ಷಾಂತರ ನಿಷೇಧ ಕಾನೂನು ಬಂದದ್ದು ನಾವು ಗೋಡೆ ಬರೆದ 1985ರಲ್ಲೇ. ಕಾನೂನು ಅವರನ್ನು ಹೊರಗೆ ಹಾಕಿತು, ಜನ ಎತ್ತಿಕೊಂಡು ಹೋಗಿ ಮತ್ತೆ ಒಳಗೆ ಕೂರಿಸಿದರು. ನಾಯಕರು ತತ್ವ ಬಿಟ್ಟರು ಅಂತ ಗೋಳಾಡುವಾಗ ನನಗೆ ಈ 11 ಅನ್ನುವ ಸಂಖ್ಯೆ ಅಡ್ಡ ಬರುತ್ತದೆ. ತತ್ವಕ್ಕೆ ಗಿರಾಕಿ ಇಲ್ಲ ಅಂತ ಅವರಿಗೆ ಹೇಳಿಕೊಟ್ಟವರು ಯಾರು?

ನೋಟಾ ಒತ್ತೋಣ ಅಂದೆ ನೀನು. 2013ರಿಂದ ಆ ಗುಂಡಿ ಇದೆ, ನಾನೂ ಒಮ್ಮೆ ಬೆರಳು ಅಲ್ಲಿಯವರೆಗೆ ಒಯ್ದಿದ್ದೆ. ಅದಕ್ಕೆ ಎಲ್ಲರಿಗಿಂತ ಹೆಚ್ಚು ವೋಟು ಬಿದ್ದರೂ ಗೆಲ್ಲುವವನು ಮುಂದಿನ ಸ್ಥಾನದಲ್ಲಿದ್ದವನೇ. ಬಾಗಿಲು ಬಡಿದು ಹೊರಗೆ ಬಂದ ಸದ್ದಾಗುತ್ತದೆ, ಒಳಗಿನವರು ಮಾತು ನಿಲ್ಲಿಸುವುದಿಲ್ಲ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಸದಸ್ಯತ್ವ ನವೀಕರಿಸಿಲ್ಲ, ರಾಜೀನಾಮೆಯನ್ನೂ ಕೊಟ್ಟಿಲ್ಲ. ಕಳೆದ ಚುನಾವಣೆಯಲ್ಲಿ ಕೈಮುಗಿದುಕೊಂಡು ಬಂದ ಮೂರೂ ಪಕ್ಷದವರನ್ನು ಜಗಲಿಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ, 79ಎ, 79ಬಿ ವಿಷಯದಲ್ಲಿ ನಿಮ್ಮ ನಿಲುವೇನು ಅಂತ. ಒಬ್ಬರು ವಾಚು ನೋಡಿಕೊಂಡರು. ಒಬ್ಬರು ಫೋನು ಬಂತು ಅಂತ ಅಂಗಳಕ್ಕಿಳಿದರು. ಮೂರನೆಯವನು ಹುಡುಗ, "ಅದೇನು ಅಂತ ಸರಿಯಾಗಿ ಗೊತ್ತಿಲ್ಲ ಮಾವ, ಹೇಳಿ" ಅಂದ. ಅವನಿಗೆ ಅಟ್ಟದಿಂದ ಕೊಳಗ ಇಳಿಸಿ ತೋರಿಸಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ, ಇದರಲ್ಲಿ ಎಷ್ಟು ಸೇರು ಹಿಡಿಯುತ್ತದೆ ಅಂತ ಕೇಳಿದ. ನನಗೇ ಗೊತ್ತಿರಲಿಲ್ಲ ನೋಡು! ಇಷ್ಟು ವರ್ಷ ಪೂಜೆ ಮಾಡಿಕೊಂಡು ಬಂದೆ, ಒಂದು ದಿನ ಅಳೆದು ನೋಡಿರಲಿಲ್ಲ. ವೋಟು ಅವನ ಪಕ್ಷಕ್ಕೆ ಹಾಕಿದೆನೋ ಇಲ್ಲವೋ, ಅದನ್ನು ಇಲ್ಲಿ ಬರೆಯುವುದಿಲ್ಲ, ನೀನು ಬಂದಾಗ ಹೇಳುತ್ತೇನೆ.

ಬರುವಾಗ ಆ 1985ರ ಫೋಟೊ ಹುಡುಕಿ ತಾ. ಜೀಪಿನ ಮುಂದೆ ನಾವೆಲ್ಲ ನಿಂತದ್ದು. ಅದರಲ್ಲಿದ್ದ ಏಳು ಜನರಲ್ಲಿ ಯಾರು ಈಗ ಯಾವ ಪಕ್ಷ ಅಂತ ಮೊನ್ನೆ ಲೆಕ್ಕ ಹಾಕುತ್ತಿದ್ದೆ, ಆರು ಜನ ಸಿಕ್ಕಿದರು. ಬಲತುದಿಯಲ್ಲಿ ಬಕೆಟ್ಟು ಹಿಡಿದು ನಿಂತವನು ಯಾರು ಅಂತ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.

ನಿನ್ನವನೇ,
ಹಳೇ ಗೋಡೆಬರಹದ ಜತೆಗಾರ