ನಡೆಯೋರ ದಾರಿಗೂ ಒಂದು ನಕ್ಷೆ ಬೇಕ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಮೊನ್ನೆ ಮಧ್ಯಾಹ್ನ ನಮ್ಮವ್ವನ್ನ ಕರ್ಕೊಂಡು ರಾಯಚೂರು ಸ್ಟೇಷನ್ನಿಂದ ತೀನ್ ಕಂದೀಲ್ ಸರ್ಕಲ್ ಕಡೆ ನಡ್ಕೊಂತ ಹೊಂಟಿದ್ದೆ, ಮೊಬೈಲ್ ಮ್ಯಾಪ್ ಹತ್ರದ ದಾರಿ ತೋರಿಸ್ತು ಖರೆ, ಆದ್ರ ಆ ದಾರಿಯಾಗ ನೆರಳಿಗೊಂದು ಗಿಡ ಇಲ್ಲ, ಫುಟ್‌ಪಾತ್ ಅರ್ಧಕ್ಕ ನಿಂತು ಮುಂದ ಟ್ರಾನ್ಸ್‌ಫಾರ್ಮರ್, ಅದರ ಮುಂದ ಸಾಲಾಗಿ ಬೈಕು, ಮಂಡಿನೋವಿನ ಅವ್ವ ಮತ್ತ ಮತ್ತ ರಸ್ತೆಗಿಳಿದು ಆಟೋ ನಡುವ ನಡೀಬೇಕಾತು. ಮ್ಯಾಪಿಗೆ ದೂರ ಗೊತ್ತದ, ಬಿಸಿಲು ಗೊತ್ತಿಲ್ಲ. ಅದಕ್ಕ ಯಾವ ದಾರಿಯಾಗ ನೆರಳದ, ಫುಟ್‌ಪಾತ್ ಎಷ್ಟು ಅಗಲ ಅದ, ಎಲ್ಲಿ ನಡೆಯೋದು ಸೇಫ್ ಅಂತ ತೋರಿಸೋ ನಕ್ಷೆ ಒಂದು ನಡೆಯೋರಿಗೆ ಬೇಕು.

ನಮ್ಮೂರಾಗ ನೆರಳಿಂದೇ ಮೊದಲ ಲೆಕ್ಕ ಆಗಬೇಕು. ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಾಗ ಅದ, ಹಂಗಾಗಿ ಮೇ ಮೊದಲ ವಾರದಾಗ ಮಧ್ಯಾಹ್ನ ಸೂರ್ಯ ನಟ್ಟ ನೆತ್ತಿ ಮ್ಯಾಲೆ ಬರ್ತಾನ, ಆವಾಗ ಎಷ್ಟು ಎತ್ತರದ ಬಿಲ್ಡಿಂಗ್ ಇದ್ರೂ ಗ್ವಾಡಿ ನೆರಳು ಸಿಗಂಗಿಲ್ಲ, ಬೇವಿನ ಗಿಡ ಇಲ್ಲಾ ಚಪ್ಪರನೇ ಗತಿ. ಸಂಜಿ ನಾಲ್ಕಕ್ಕ ಹಂಗಲ್ಲ, ಉತ್ತರ-ದಕ್ಷಿಣ ರಸ್ತೆಯಾಗ ಪಶ್ಚಿಮದ ಬಾಜುಕ ಮನಿ ನೆರಳು ಬಿದ್ದಿರ್ತದ. ಬಿಲ್ಡಿಂಗ್ ಎತ್ತರ, ರಸ್ತೆ ದಿಕ್ಕು ಗೊತ್ತಿದ್ರ ಇದನ್ನ ಕಂಪ್ಯೂಟರ್ ಗಂಟಿಗಂಟಿಗೂ ಲೆಕ್ಕ ಹಾಕ್ತದ, ಗಿಡಗಳು ಉಪಗ್ರಹದ ಫೋಟೋದಾಗ ಕಾಣ್ತಾವ.

ಇನ್ನ ಅಗಲ. ರಸ್ತೆ ಹೆಂಗಿರಬೇಕಂತ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ 2012ರ ಮಾರ್ಗಸೂಚಿಯಾಗ, ಫುಟ್‌ಪಾತಿನಾಗ ನಡೆಯಾಕ ಅಡ್ಡಿ ಇಲ್ಲದ ಜಾಗ ಕಮ್ಮಿ ಅಂದ್ರೂ 1.8 ಮೀಟರ್ ಇರಬೇಕು, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ದಾಟಬಾರ್ದು ಅಂತಿತ್ತು. ಕಾಲೇಜು ಹುಡುಗರ ಕೈಗೆ ಟೇಪ್ ಕೊಟ್ರ ಅಳೀತಾರ, ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಇಂಟರ್ನೆಟ್ ನಕ್ಷೆಯಾಗ ಅದನ್ನ ಯಾರು ಬೇಕಾದ್ರೂ ಪುಕ್ಕಟೆ ಸೇರಿಸಬಹುದು.

ಆಕ್ಸಿಡೆಂಟ್ ಲೆಕ್ಕ ಒಂದನ್ನೇ ನಂಬಿದ್ರ ಮೋಸ ಆಗ್ತದ ನೋಡ್ರಿ. ಹೆದರಿ ಯಾರೂ ನಡೀದ ರಸ್ತೆಯಾಗ ನಡೆಯೋರಿಗೆ ಆಕ್ಸಿಡೆಂಟೂ ಆಗಂಗಿಲ್ಲ, ಹಂಗಂತ ಅದು ಸೇಫ್ ಅಲ್ಲ. ಅದಕ್ಕ ಎಷ್ಟು ಮಂದಿ ನಡೀತಾರ, ಹೆಣ್ಮಕ್ಕಳು ರಾತ್ರಿ ಯಾವ ಓಣಿ ಬಿಟ್ಟು ಸುತ್ತು ಹಾಕ್ತಾರ, ಯಾವ ಕಂಬದ ಲೈಟ್ ಹತ್ತಂಗಿಲ್ಲ, ಇದೂ ನಕ್ಷೆಯಾಗ ಬರಬೇಕು. ಫುಟ್‌ಪಾತ್ ಅಂದ ಕೂಡಲೇ ತಳ್ಳುಗಾಡಿಯೋರನ್ನ ಎಬ್ಬಿಸೋದು ಬ್ಯಾಡ್ರಿ, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಾಗ ಐದು ವರ್ಷಕ್ಕೊಮ್ಮೆಯಾದ್ರೂ ಅವರ ಸರ್ವೆ ಮಾಡಬೇಕಂತ ಅದ, ಆ ಸರ್ವೆನೂ ಇದೇ ನಕ್ಷೆ ಮ್ಯಾಲೆ ಇಟ್ಟು ಅವರಿಗೂ ನಡೆಯೋರಿಗೂ ಜಾಗ ಹಂಚಬೇಕು. ರಾತ್ರಿ ಅವರ ಗಾಡಿ ಬೆಳಕಿದ್ರೇನೇ ನಮಗ ಧೈರ್ಯ.

ಊರೆಲ್ಲಾ ಒಮ್ಮೆಲೇ ಆಗಲಿ ಅನ್ನಂಗಿಲ್ಲ. ನಗರಾಡಳಿತದೋರು ಸ್ಟೇಷನ್ನಿಂದ ಬಸ್ ಸ್ಟ್ಯಾಂಡಿನ ತನಕ ಒಂದೇ ದಾರಿ ತಗೊಳ್ಳಲಿ, ಅವ್ವನಂಥ ವಯಸ್ಸಾದೋರ ಜೊತಿ ಮಧ್ಯಾಹ್ನ ಎರಡಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ನಡದು ಅಳೀಲಿ, ಆ ಲೆಕ್ಕನ ನಿಮ್ಮ ಪೇಪರಿನಾಗೂ ಹಾಕ್ಸಲಿ.

ಇಂತಿ,
ರಾಯಚೂರಿನ ಒಬ್ಬ ಓದುಗ