ಕನಾಸ್ತ್ರಾಕ್ಕೆ ಮೂರು ಬೆಳಗು ಇಟ್ಟುಕೋ

ಪ್ರೀತಿಯ ಪುಟ್ಟಿ,

ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯ ಕೆಲಸ ಮುಗಿದ ಮೇಲೆ ಐದು ದಿನ ಉಳಿಯುತ್ತದೆ, ರಿಯೊಗೆ ಹೋಗಲೋ ಹಳ್ಳಿ ಕಡೆ ಹೋಗಲೋ ಎಂದು ಕೇಳಿದ್ದೀಯ. ಸಾವೊ ರೋಕಿ ಡಿ ಮಿನಾಸ್‌ಗೆ ಹೋಗು. ಮಿನಾಸ್ ಜೆರೈಸ್ ರಾಜ್ಯದ ನೈರುತ್ಯಕ್ಕೆ, ಸೆರ್ರಾ ದಾ ಕನಾಸ್ತ್ರಾ ಬೆಟ್ಟಸಾಲಿನ ಬುಡದಲ್ಲಿರುವ ಸಣ್ಣ ಊರು. ಬೆಟ್ಟದ ಮೇಲೆ 1972ರಲ್ಲಿ ಘೋಷಿಸಿದ ರಾಷ್ಟ್ರೀಯ ಉದ್ಯಾನ, ಕೆಳಗೆ ಚೀಸ್ ಮಾಡುವ ಹೊಲಮನೆಗಳು, ನಡುವೆ ಸಾವೊ ಫ್ರಾನ್ಸಿಸ್ಕೊ ನದಿಯ ಉಗಮ. ಊರಲ್ಲೇ ನೋಡುವುದಕ್ಕೆ ಚರ್ಚು, ಚೌಕ, ನಾಲ್ಕು ಬೀದಿ ಬಿಟ್ಟರೆ ಏನಿಲ್ಲ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿಟ್ಟುಕೋ. ಅಲ್ಲಿ ನೋಡಬೇಕಾದ್ದೆಲ್ಲ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಹಾಲು ಕರೆದ ತಕ್ಷಣ ಚೀಸ್‌ಗೆ ಕೂರುತ್ತಾರೆ, ಪ್ರಾಣಿಗಳು ಬಿಸಿಲೇರುವ ಮುಂಚೆ ಓಡಾಡುತ್ತವೆ, ಜಲಪಾತಕ್ಕೂ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಒಂದೇ ಬೆಳಗ್ಗೆ ಎರಡು ಕಡೆ ಇರುವುದಕ್ಕಾಗುವುದಿಲ್ಲ. ಹಾಗಾಗಿ ಚೀಸ್‌ಗೆ ಒಂದು, ಬೆಟ್ಟದ ಮೇಲಕ್ಕೆ ಒಂದು, ಜಲಪಾತದ ಬುಡಕ್ಕೆ ಒಂದು ಎಂದು ಮೂರು ಬೆಳಗು ಇಟ್ಟುಕೋ. ಉಳಿದ ಎರಡು ದಿನ ಹೋಗುವುದಕ್ಕೆ, ಬರುವುದಕ್ಕೆ. ವಾರಾಂತ್ಯಕ್ಕೆಂದು ಬಂದವರು ಹೆಚ್ಚಾಗಿ ಜಲಪಾತದ ಫೋಟೊ ತೆಗೆದುಕೊಂಡು, ಅಂಗಡಿಯಲ್ಲಿ ಚೀಸ್ ಕೊಂಡು ವಾಪಸ್ ಹೋಗುತ್ತಾರೆ. ಅಷ್ಟಕ್ಕೆ ಅಷ್ಟು ದೂರ ಹೋಗುವುದು ಬೇಡ.

ಜುಲೈನಲ್ಲಿ ಹೋಗುತ್ತಿರುವುದು ಒಳ್ಳೆಯದಾಯಿತು. ಮೇಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಣ ಕಾಲ. ಅಕ್ಟೋಬರ್ ಮೇಲೆ ಮಳೆ ಹಿಡಿದರೆ ಬೆಟ್ಟದ ಕೆಂಪು ಮಣ್ಣಿನ ರಸ್ತೆ ಸಣ್ಣ ಕಾರಿನದ್ದಲ್ಲ. ಆದರೆ ಜುಲೈ ಎಂದರೆ ಅವರಿಗೆ ಚಳಿಗಾಲ ಎನ್ನುವುದು ಮರೆಯಬೇಡ. ರಾತ್ರಿ ಐದು ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಮಧ್ಯಾಹ್ನ ಬಿಸಿಲು ಸುಡುತ್ತದೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಅಗಲ ಅಂಚಿನ ಟೋಪಿ, ಎರಡೂ ಬೇಕು. ಬೆಟ್ಟದ ಮೇಲೆ ಬರೀ ಹುಲ್ಲು, ಕಲ್ಲು, ನಿಲ್ಲುವುದಕ್ಕೆ ನೆರಳಿಲ್ಲ.

ಹೊರಡುವ ಮುಂಚೆ ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು, ಅಧಿಕೃತ ಕೇಂದ್ರದಲ್ಲೇ ಹಾಕಿಸಿಕೊಂಡು ಲಸಿಕೆ ಪ್ರಮಾಣಪತ್ರದ ಹಳದಿ ಪುಸ್ತಕಕ್ಕೆ ಮೊಹರು ಹಾಕಿಸು. ಬೆಂಗಳೂರಿನಲ್ಲೇ ಅಂಥ ಕೇಂದ್ರಗಳಿವೆ, ಆದರೆ ದಿನ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಕೊನೆಯ ವಾರಕ್ಕೆ ಬಿಡಬೇಡ. ಬ್ರೆಜಿಲ್‌ನಿಂದ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಆ ಪುಸ್ತಕ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು.

ಬೆಲೊ ಹೊರಿಜಾಂಟೆಯಿಂದ ಊರು ಸುಮಾರು 320 ಕಿ.ಮೀ. ಎಂಜಿ–050 ಹೆದ್ದಾರಿ ಹಿಡಿದು ಪಿಯುಮಿ ಎಂಬ ಊರಿನವರೆಗೆ, ಅಲ್ಲಿಂದ ಒಳಗೆ ಅರವತ್ತರ ಆಸುಪಾಸು. ಐದು ಗಂಟೆ ಹಿಡಿಯುತ್ತದೆ. ಪಿಯುಮಿವರೆಗೆ ಬಸ್ಸು ಸುಲಭ, ಮುಂದಕ್ಕೆ ಕಡಿಮೆ. ಇಬ್ಬರಿದ್ದರೆ ಕಾರು ಬಾಡಿಗೆಗೆ ತೆಗೆದುಕೊಳ್ಳುವುದೇ ಮೇಲು. ನಿನ್ನ ಲೈಸೆನ್ಸ್ ನಡೆಯುತ್ತದೆಯೇ ಎಂದು ಬಾಡಿಗೆಯವರನ್ನು ಮೊದಲೇ ಬರಹದಲ್ಲಿ ಕೇಳಿಕೋ. ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಅಲ್ಲಿನ ಕಾರುಗಳಿಗೆ ಪೆಟ್ರೋಲೂ ಆಗುತ್ತದೆ, ಕಬ್ಬಿನ ಎಥನಾಲೂ ಆಗುತ್ತದೆ. ಎಥನಾಲ್ ಬೆಲೆ ಪೆಟ್ರೋಲಿನ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಲಾಭ, ಏಕೆಂದರೆ ಅದರಲ್ಲಿ ಮೈಲೇಜ್ ಕಡಿಮೆ. ಉದ್ಯಾನದೊಳಗೆ ಬಂಕೂ ಇಲ್ಲ, ಹೋಟೆಲೂ ಇಲ್ಲ. ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿ, ಬುತ್ತಿ ಮತ್ತು ತಲೆಗೆ ಎರಡು ಲೀಟರ್ ನೀರು ಇಟ್ಟುಕೋ.

ಊರಲ್ಲೆಲ್ಲ ಪಿಕ್ಸ್ ಎಂಬ ಮೊಬೈಲ್ ಪಾವತಿ ನಡೆಯುತ್ತದೆ, ಅದಕ್ಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ಹೊಲಮನೆಗಳಲ್ಲಿ ಕಾರ್ಡ್ ಯಂತ್ರ ಇದ್ದರೂ ನೆಟ್‌ವರ್ಕ್ ಕೈಕೊಡುತ್ತದೆ. ಹತ್ತು, ಇಪ್ಪತ್ತು, ಐವತ್ತು ರಿಯಾಲ್ ನೋಟುಗಳನ್ನೇ ಮಾಡಿಸಿಕೊಂಡು ಹೋಗು. ಇನ್ನೂರರ ನೋಟಿಗೆ ಚಿಲ್ಲರೆ ಹುಟ್ಟುವುದು ಕಷ್ಟ. ಅಂದ ಹಾಗೆ, ಆ ನೋಟಿನ ಮೇಲಿರುವ ಉದ್ದ ಕಾಲಿನ ಕೆಂಚು ಪ್ರಾಣಿ, ಲೋಬೊ ಗ್ವಾರಾ, ಈ ಬೆಟ್ಟದಲ್ಲೇ ಇದೆ.

ಮೊದಲ ಬೆಳಗು ಚೀಸ್‌ಗಿರಲಿ. ನೀನು ಉಳಿದುಕೊಳ್ಳುವ ಪೊಜಾಡ ಎಂಬ ಸಣ್ಣ ವಸತಿಗೃಹದವರಿಗೆ ಹಿಂದಿನ ದಿನವೇ ಹೇಳಿ, ನೋಡಲು ಬಿಡುವ ಒಂದು ಹೊಲಮನೆಗೆ ಫೋನ್ ಮಾಡಿಸು. ಏಳು ಗಂಟೆಗೆಲ್ಲ ಅಲ್ಲಿರಬೇಕು. ಹತ್ತಕ್ಕೆ ಹೋದರೆ ತೊಳೆದಿಟ್ಟ ಪಾತ್ರೆ ನೋಡಿಕೊಂಡು ಬರುತ್ತೀಯ. ಹಟ್ಟಿಯಲ್ಲಿ ಡುಬ್ಬದ ಹಸು, ಜೋಲು ಕಿವಿ ಕಂಡರೆ ಆಶ್ಚರ್ಯಪಡಬೇಡ, ಅದು ಗುಜರಾತಿನ ಗಿರ್ ರಕ್ತ. ಗಿರ್ ಮತ್ತು ಹಾಲ್‌ಸ್ಟೀನ್ ಬೆರೆಸಿದ ಗಿರೊಲಾಂಡೊ ತಳಿ ಬ್ರೆಜಿಲ್‌ನ ಹೈನಿನ ಬೆನ್ನೆಲುಬು.

ಹಾಲನ್ನು ಕಾಯಿಸುವುದಿಲ್ಲ. ಕೆಚ್ಚಲಿನ ಬಿಸಿ ಆರುವ ಮುಂಚೆಯೇ ಸೋಸಿ, ಅದಕ್ಕೆ ಎರಡು ವಸ್ತು ಹಾಕುತ್ತಾರೆ. ಒಂದು ಹಾಲು ಗಟ್ಟಿಯಾಗಿಸುವ ರೆನ್ನೆಟ್, ಅವರು ಕೊಅಲ್ಯು ಎನ್ನುತ್ತಾರೆ. ಇನ್ನೊಂದು ಪಿಂಗು: ಹಿಂದಿನ ದಿನದ ಚೀಸ್ ಬಿಲ್ಲೆಗಳಿಗೆ ಉಪ್ಪು ಸವರಿದ ಮೇಲೆ ರಾತ್ರಿಯಿಡೀ ತೊಟ್ಟಿಕ್ಕಿದ ಹಾಲೊಡಕು. ನಮ್ಮ ಮನೆಯ ಹೆಪ್ಪಿನ ಹಾಗೇ, ನಿನ್ನೆಯದು ಇವತ್ತಿಗೆ. ಆ ಹುಲ್ಲು, ಆ ಹಟ್ಟಿ, ಆ ಗಾಳಿಯ ಬ್ಯಾಕ್ಟೀರಿಯಾ ಅದರಲ್ಲಿರುವುದರಿಂದ ಪಕ್ಕದ ಹೊಲಮನೆಯ ಚೀಸ್‌ಗೂ ಇದಕ್ಕೂ ರುಚಿ ಬೇರೆ. ಪಿಂಗು ಕೆಟ್ಟರೆ ಆ ದಿನದ ಚೀಸ್ ಪೂರ್ತಿ ಹೋಯಿತು. ಆಗ ನೆರೆಮನೆಯಿಂದ ಕಡ ತರುತ್ತಾರೆ.

ಒಂದು ಗಂಟೆಯ ಹೊತ್ತಿಗೆ ಹಾಲು ಕಟ್ಟಿಕೊಳ್ಳುತ್ತದೆ. ಅದನ್ನು ಕತ್ತರಿಸಿ, ಕದಡಿ, ತಳಕ್ಕೆ ಕೂತ ಗಡ್ಡೆಯನ್ನು ದುಂಡು ಅಚ್ಚಿಗೆ ತುಂಬಿ ಕೈಯಲ್ಲೇ ಒತ್ತುತ್ತಾರೆ. ಆ ಒತ್ತುವ ಕೈಯನ್ನು ಗಮನಿಸು. ಅಂಗೈ ಬುಡದಿಂದ ಒತ್ತಿ, ಅಚ್ಚು ತಿರುಗಿಸಿ, ಮತ್ತೆ ಒತ್ತುತ್ತಾರೆ. ಹಾಲೊಡಕು ಒಳಗೆ ಉಳಿದರೆ ಚೀಸ್ ಹುಳಿಯಾಗಿ ಬಿರಿಯುತ್ತದೆ. ಮೇಲೆ ಕಲ್ಲುಪ್ಪು ಉದುರಿಸಿ, ಕೆಲವು ಗಂಟೆ ಬಿಟ್ಟು ಮಗುಚಿ ಇನ್ನೊಂದು ಮೈಗೂ ಉಪ್ಪು. ಆಮೇಲೆ ಮರದ ಹಲಗೆಯ ಮೇಲೆ, ದಿನಾ ಮಗುಚುತ್ತಾ ಹಣ್ಣಾಗಿಸುವುದು. ಒಂದು ಕಿಲೊಗೆ ಹತ್ತು ಲೀಟರ್ ಹಾಲಿನ ಆಸುಪಾಸು ಬೇಕು. ಈ ವಿಧಾನ 2008ರಲ್ಲಿ ಬ್ರೆಜಿಲ್‌ನ ಪರಂಪರೆಯ ಪಟ್ಟಿಗೆ, 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.

ಕೊಳ್ಳುವಾಗ ಮೂರು ವಾರ ದಾಟಿದ್ದನ್ನು ಕೇಳು. ಹಸಿ ಹಾಲಿನದ್ದಾದ್ದರಿಂದ ಇದು ರುಚಿಯ ಮಾತಷ್ಟೇ ಅಲ್ಲ: ಉಪ್ಪು, ಹುಳಿ, ನೀರು ಆರುವುದು, ಈ ಮೂರೂ ಸೇರಿ ಕೆಟ್ಟ ಸೂಕ್ಷ್ಮಾಣುಗಳನ್ನು ಅಡಗಿಸುವುದಕ್ಕೆ ದಿನ ಬೇಕು. ಹಳದಿ ಸಿಪ್ಪೆ ಒಳ್ಳೆಯದು, ಮೇಲಿನ ಬಿಳಿ ಬೂಷ್ಟೂ ದೋಷವಲ್ಲ. ಆದರೆ ಬಿಲ್ಲೆ ಊದಿಕೊಂಡಿದ್ದು, ಕತ್ತರಿಸಿದರೆ ಒಳಗೆಲ್ಲ ಸಣ್ಣ ಸಣ್ಣ ತೂತು ಕಂಡರೆ ಬಿಟ್ಟುಬಿಡು, ಕೊಳಕು ಹಾಲಿನ ಗ್ಯಾಸ್ ಅದು. ಅಸಲಿ ಕನಾಸ್ತ್ರಾ ಬಿಲ್ಲೆಯ ಮೈಗೆ ಸಂಖ್ಯೆಯುಳ್ಳ ಕೇಸಿನ್ (ಹಾಲಿನ ಪ್ರೋಟೀನ್) ಚೀಟಿ ಅಂಟಿರುತ್ತದೆ, ಅದರಿಂದ ಯಾವ ಹೊಲಮನೆಯದು ಎಂದು ತಿಳಿಯುತ್ತದೆ. ರೂಮಿಗೆ ತಂದ ಮೇಲೆ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡ, ಬೆವರಿ ಲೋಳೆಯಾಗುತ್ತದೆ. ಕಾಗದ ಸಾಕು. ಇನ್ನೊಂದು ಮಾತು: ರೆನ್ನೆಟ್ ಕರುವಿನ ಹೊಟ್ಟೆಯದೂ ಇರಬಹುದು, ಸೂಕ್ಷ್ಮಾಣುವಿನದೂ ಇರಬಹುದು. ನಿನಗೆ ಅದು ಮುಖ್ಯವಾದರೆ ಬಾಯಿಗಿಡುವ ಮುಂಚೆ ಕೇಳಿಬಿಡು.

ಎರಡನೇ ಬೆಳಗು ಬೆಟ್ಟದ ಮೇಲೆ. ನಿನ್ನ ಬಾಡಿಗೆ ಕಾರು ಬೇಡ, ಊರಿನಲ್ಲಿ ಸಿಗುವ ನಾಲ್ಕು ಚಕ್ರ ಎಳೆಯುವ ಜೀಪು ಮತ್ತು ಮಾರ್ಗದರ್ಶಿಯನ್ನು ಗೊತ್ತು ಮಾಡು, ಉದ್ಯಾನದ ಗೇಟು ತೆರೆಯುವ ಹೊತ್ತಿಗೆ ಅಲ್ಲಿರು. ಗೇಟಿನಿಂದ ಆರೇಳು ಕಿ.ಮೀ.ಗೆ ನದಿಯ ಉಗಮ. ಭೂಗೋಳದ ಲೆಕ್ಕದಲ್ಲಿ ಪಕ್ಕದ ಸಾಂಬುರಾ ಹೊಳೆಯೇ ನಿಜವಾದ ಮೂಲ ಎಂದು ಆಮೇಲೆ ಅಳೆದವರು ಹೇಳಿದ್ದಾರೆ, ಜನ ಕೈಮುಗಿಯುವುದು ಮಾತ್ರ ಇಲ್ಲೇ. ಆದರೆ ನೀನು ಕಣ್ಣಿಡಬೇಕಾದ್ದು ದಾರಿಯ ಎರಡೂ ಕಡೆಯ ಹುಲ್ಲಿಗೆ, ಹುತ್ತಗಳಿಗೆ. ತಮಾಂಡುವಾ ಬಾಂಡೇರಾ, ಎಂದರೆ ದೊಡ್ಡ ಇರುವೆಬಾಕ, ಅಲ್ಲಿ ಗೆದ್ದಲು ಬಗೆಯುತ್ತಿರುತ್ತದೆ. ಚಳಿ ದಿನಗಳಲ್ಲಿ ಹಗಲಿಗೇ ಹೊರಬರುತ್ತದೆ, ಸೆಕೆ ಇದ್ದರೆ ರಾತ್ರಿಗೆ ಜಾರುತ್ತದೆ. ಜುಲೈ ಒಳ್ಳೆಯದು ಎಂದಿದ್ದು ಇದಕ್ಕೂ ಸೇರಿಯೇ. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಗಾಳಿ ಅದರ ಕಡೆಯಿಂದ ನಿನ್ನ ಕಡೆಗೆ ಬೀಸುತ್ತಿದ್ದರೆ ಸದ್ದಿಲ್ಲದೆ ನಿಂತು ಎಷ್ಟು ಹೊತ್ತಾದರೂ ನೋಡಬಹುದು. ಹತ್ತಿರ ಹೋಗಬೇಡ. ಅಡ್ಡಗಟ್ಟಿದರೆ ಹಿಂಗಾಲ ಮೇಲೆ ಎದ್ದು ನಿಂತು ಮುಂಗಾಲಿನ ಉಗುರು ಬೀಸುತ್ತದೆ, ಆ ಉಗುರು ಹುತ್ತವನ್ನೇ ಒಡೆಯುವಂಥದ್ದು.

ಮೂರನೇ ಬೆಳಗು ವಾರ್ಜೆಂ ಬೊನೀಟಾ ದಾಟಿ ಕಾಸ್ಕಾ ದಾಂಟಾ ಜಲಪಾತದ ಬುಡಕ್ಕೆ. 186 ಮೀಟರ್ ಎತ್ತರ. ಸಾವೊ ಫ್ರಾನ್ಸಿಸ್ಕೊ ಬೆಟ್ಟ ಬಿಟ್ಟು ಬೀಳುವ ಜಾಗ. ದಾರಿಯ ಹೊಳೆಯಲ್ಲಿ ಪಾಟೊ ಮೆರ್ಗುಲ್ಯಾಂವ್ ಎಂಬ ಚೂಪು ಕೊಕ್ಕಿನ, ಜುಟ್ಟಿನ ಬಾತು ಕಂಡರೆ ಅದೃಷ್ಟ. ಜಗತ್ತಿನಲ್ಲಿ ಉಳಿದಿರುವುದು 250ಕ್ಕಿಂತ ಕಡಿಮೆ. ಮುಳುಗಿ ಕಣ್ಣಿಂದ ನೋಡಿ ಮೀನು ಹಿಡಿಯುವ ಹಕ್ಕಿ, ನೀರು ಕಲಕಿದರೆ ಅದಕ್ಕೆ ಊಟವಿಲ್ಲ.

ನೀರಿಗಿಳಿದಾಗ ಮೈಮರೆಯಬೇಡ. ಮಳೆಗಾಲದಲ್ಲಿ ಬೆಟ್ಟದ ಮೇಲೆ ಸುರಿದ ಮಳೆ ಕೆಳಗೆ ಬಿಸಿಲಿದ್ದಾಗಲೇ ಒಮ್ಮೆಗೇ ನುಗ್ಗಿ ಬರುತ್ತದೆ. ಒಣ ಕಾಲದಲ್ಲಿ ಅಪರೂಪ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೀರಿನ ಬಣ್ಣ ತಿರುಗಿತು, ಎಲೆ ಕಡ್ಡಿ ತೇಲಿ ಬರುವುದು ಹೆಚ್ಚಿತು, ಸದ್ದು ಬದಲಾಯಿತು ಎಂದರೆ ಚೀಲ ಎತ್ತಿಕೊಳ್ಳುವುದಕ್ಕೂ ನಿಲ್ಲದೆ ಎತ್ತರಕ್ಕೆ ಹತ್ತು.

ಒಣ ಕಾಲದ ನಿಜವಾದ ಕಾಟ ರಕ್ತ ಹೀರುವ ಉಣ್ಣೆ. ಹುಲ್ಲಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಮರಿಗಳು ಗುಂಪಾಗಿ ಕಾದಿರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸು, ತಿಳಿ ಬಣ್ಣದ ಬಟ್ಟೆ ಹಾಕು, ಎರಡು ಮೂರು ಗಂಟೆಗೊಮ್ಮೆ ಮೈ ನೋಡಿಕೋ. ಮರಿಗಳಿಗೆ ಅಗಲ ಅಂಟುಪಟ್ಟಿ ಒತ್ತಿ ಎಳೆದರೆ ಸಾಕು. ದೊಡ್ಡದಾದರೆ ಚಿಮಟದಿಂದ ಚರ್ಮದ ಬುಡಕ್ಕೇ ಹಿಡಿದು ನೇರ ಎತ್ತು. ಬೆಂಕಿಕಡ್ಡಿ, ಎಣ್ಣೆ ಯಾವುದೂ ಬೇಡ, ಹಿಸುಕಲೂ ಬೇಡ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯೂ ಉಣ್ಣೆಯದ್ದೇ, ಆದರೆ ಅದು ವೈರಸ್. ಅಲ್ಲಿನ ಉಣ್ಣೆ ಜ್ವರ, ಫೆಬ್ರಿ ಮಾಕುಲೋಜಾ, ಬ್ಯಾಕ್ಟೀರಿಯಾದ್ದು, ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ, ಬೇಗ ಕೊಟ್ಟರೆ ಮಾತ್ರ. ತಡವಾದರೆ ಜೀವಕ್ಕೇ ಅಪಾಯ. ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಗುಳ್ಳೆ ಏಳುವವರೆಗೆ ಕಾಯದೆ ವೈದ್ಯರ ಹತ್ತಿರ ಹೋಗಿ, ಉಣ್ಣೆ ಕಚ್ಚಿದ್ದನ್ನು ನೀನೇ ಬಾಯಿಬಿಟ್ಟು ಹೇಳು. ಬೆಂಗಳೂರಿಗೆ ಬಂದ ಮೇಲಾದರೆ ಇಲ್ಲಿಯ ವೈದ್ಯರಿಗೆ ಬ್ರೆಜಿಲ್ ಎಂಬುದನ್ನೂ ಸೇರಿಸಿ ಹೇಳಬೇಕು.

ಇನ್ನು ಊಟ. ಮಿನಾಸ್ ಅಡುಗೆ ಸೌದೆ ಒಲೆಯದು, ಒಲೆಯ ಮೇಲೇ ಪಾತ್ರೆಗಳಿರುತ್ತವೆ, ನಾವೇ ಬಡಿಸಿಕೊಳ್ಳಬೇಕು. ಅನ್ನ, ಹುರುಳಿಕಾಯಿ ಬೀಜದ ಸಾರು, ಸಣ್ಣಗೆ ಹೆಚ್ಚಿದ ಕೋವಿ ಎಂಬ ಕೋಸಿನ ಜಾತಿಯ ಸೊಪ್ಪು, ಬೆಂಡೆಕಾಯಿ, ಕುಂಬಳ, ಸೀಮೆಬದನೆ. ನೋಡಿದರೆ ಸಸ್ಯಾಹಾರಿಗೆ ಹಬ್ಬ ಎನಿಸುತ್ತದೆ. ಸಮಸ್ಯೆ ಇರುವುದು ಕಾಣದ ಕಡೆ: ಹಳ್ಳಿಯಲ್ಲಿ ಅನ್ನಕ್ಕೂ ಬೀಜಕ್ಕೂ ಸೊಪ್ಪಿಗೂ ಒಗ್ಗರಣೆ ಹಾಕುವುದು ಹಂದಿ ಕೊಬ್ಬಿನಲ್ಲಿ. ‘ಮಾಂಸ ತಿನ್ನುವುದಿಲ್ಲ’ ಎಂದರೆ ತುಂಡು ಎತ್ತಿ ಪಕ್ಕಕ್ಕಿಟ್ಟು ಕೊಡುತ್ತಾರೆ, ಅವರ ಮಟ್ಟಿಗೆ ಅದು ಸರಿಯೇ. ‘ತೆಂ ಬಾಞಾ?’ ಎಂದು ಕೇಳು, ಕೊಬ್ಬು ಹಾಕಿದ್ದೀರಾ ಎಂದು. ಫೇಜಾಂವ್ ತ್ರೊಪೇರು, ತುತು ಎಂಬ ಬೀಜದ ಅಡುಗೆ ಎರಡನ್ನೂ ಕೇಳದೆಯೇ ಬಿಡು, ಹಂದಿಯಿಲ್ಲದೆ ಅವು ಆಗುವುದೇ ಇಲ್ಲ. ಅಂಗು ಮಾತ್ರ ನಿಶ್ಚಿಂತೆ: ಮೆಕ್ಕೆಜೋಳದ ಹಿಟ್ಟು, ನೀರು, ಅಷ್ಟೇ. ಉಪ್ಪೂ ಹಾಕುವುದಿಲ್ಲ. ಹಿಂದಿನ ಸಂಜೆ ಪೊಜಾಡದಲ್ಲಿ ಹೇಳಿದರೆ ಎಣ್ಣೆಯಲ್ಲಿ ಬೇರೆ ಮಾಡಿಕೊಡುತ್ತಾರೆ. ಆ ಹೊತ್ತಿಗೇ ಕಾಫಿಯ ಮಾತೂ ಆಡು, ಹಳ್ಳಿಯಲ್ಲಿ ಹೆಚ್ಚಾಗಿ ಸಕ್ಕರೆ ಹಾಕಿಯೇ ಇಳಿಸುತ್ತಾರೆ. ಸೀಬೆಹಣ್ಣಿನ ಗೊಯಾಬಾಡಾ ಚೂರನ್ನು ಚೀಸ್ ಜೊತೆ ತಿನ್ನದೆ ಬರಬೇಡ.

ಬೆಳಗಿನ ತಿಂಡಿಗೆ ಪಾಂವ್ ಜಿ ಕೇಜು ಇದ್ದೇ ಇರುತ್ತದೆ, ಮರಗೆಣಸಿನ ಪಿಷ್ಟ ಮತ್ತು ಚೀಸ್‌ನ ಉಂಡೆ. ಮೊಟ್ಟೆ ಇರುತ್ತದೆ, ನಿನಗದು ನಡೆಯುತ್ತದೆ. ಮನೆಯಲ್ಲಿ ಮಾಡುವುದಾದರೆ ಅಳತೆ ಬರೆದುಕೋ: ಅರ್ಧ ಕಿಲೊ ಪಿಷ್ಟಕ್ಕೆ ಕಾಲು ಲೀಟರ್ ಹಾಲು, 100 ಮಿ.ಲೀ. ಎಣ್ಣೆ, ಒಂದು ಚಮಚ ಉಪ್ಪು ಒಟ್ಟಿಗೆ ಕುದಿಸಿ ಪಿಷ್ಟದ ಮೇಲೆ ಸುರಿದು ಕಲಸಬೇಕು. ಕೈಗೆ ಉಗುರುಬೆಚ್ಚಗಾದ ಮೇಲೆಯೇ ಎರಡು ಮೂರು ಮೊಟ್ಟೆ ಒಂದೊಂದಾಗಿ. ಬಿಸಿಗೆ ಹಾಕಿದರೆ ಬೆಂದು ಗಂಟಾಗುತ್ತದೆ. ಕೊನೆಗೆ ಕಾಲು ಕಿಲೊ ಹಣ್ಣಾದ ಚೀಸ್ ತುರಿ. ಹಿಟ್ಟು ಸಡಿಲವಾದರೆ ಉಂಡೆ ಓವನ್‌ನಲ್ಲಿ ಚಪ್ಪಟೆಯಾಗುತ್ತದೆ. 190 ಡಿಗ್ರಿ, ಅರ್ಧ ಗಂಟೆ, ನಡುವೆ ಬಾಗಿಲು ತೆಗೆಯುವಂತಿಲ್ಲ. ಸಬ್ಬಕ್ಕಿ ಪುಡಿ ಮಾಡಿ ಹಾಕಿದರೆ ಇದು ಉಬ್ಬುವುದಿಲ್ಲ. ಹುಳಿ ಬರಿಸಿ ಬಿಸಿಲಿಗೆ ಒಣಗಿಸಿದ ಪಿಷ್ಟವೇ ಬೇಕು, ಆ ಬಿಸಿಲಿನಿಂದಲೇ ಅದಕ್ಕೆ ಉಬ್ಬುವ ಗುಣ. ಅಲ್ಲಿಯ ದಿನಸಿ ಅಂಗಡಿಯಲ್ಲಿ ‘ಪೊಲ್ವಿಲ್ಯು ಅಜೇಡು’ ಎಂದು ಕೇಳು. ‘ಡೋಸಿ’ ಎಂದು ಬರೆದದ್ದು ಹುಳಿಯಿಲ್ಲದ್ದು, ಅದು ಬೇಡ. ಸೀಲ್ ಮಾಡಿದ ಎರಡು ಪೊಟ್ಟಣ ತಾ.

ಇಂತಿ,
ಅಮ್ಮ