ದಾಕ್ಷಿಣ್ಯ ಬಿಟ್ಟು ಕೇಳು

ಕಾರವಾರ

ತಂಗೀ,

ನಿನ್ನ ಮೇಲ್ ಓದಿದೆ. ಬರಹಗಾರರು ಕೆಲಕಾಲ ಉಳಿದು ಬರೆಯುವ ಜರ್ಮನಿಯ ರೈಟರ್ಸ್ ರೆಸಿಡೆನ್ಸಿಯಿಂದ ಕರೆ ಬಂದಿದ್ದಕ್ಕೆ ನನಗೂ ಖುಷಿ. ಅಲ್ಲಿ ಏನು ಬರೆಯುತ್ತೀ, ಚಳಿ ಎಷ್ಟಿರುತ್ತದೆ ಎಂದೆಲ್ಲ ಬರೆದಿದ್ದೀಯ. ಖರ್ಚು ಯಾರದು ಅನ್ನೋದು ಮಾತ್ರ ಎಲ್ಲೂ ಇಲ್ಲ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸುಮ್ನಿದ್ದೀಯ, ಅಲ್ವಾ? ಘಟ್ಟದ ಮೇಲಿನವರ ದಾಕ್ಷಿಣ್ಯ ನನಗೆ ಗೊತ್ತು. ಅದನ್ನು ಬಿಡು. ದುಡ್ಡಿನ ಮಾತನ್ನು ಈಗಲೇ ಆಡು.

ಟಾಗೋರರು ಇಪ್ಪತ್ತರ ಹರೆಯದಲ್ಲಿ ನಮ್ಮೂರಿಗೆ ಬಂದು ಇಲ್ಲೇ ಒಂದು ನಾಟಕ ಬರೆದರು. ಬೀಚಿಗೆ ಅವರ ಹೆಸರನ್ನೇ ಇಟ್ಟಿದ್ದೇವೆ. ಆಗ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಉಳಿಯಲು ಮನೆ, ಹೊತ್ತಿಗೆ ಊಟ, ಎದುರಿಗೆ ಸಮುದ್ರ. ರೆಸಿಡೆನ್ಸಿ ಅಂದರೆ ಅಷ್ಟೇ. ಜರ್ಮನಿಯಲ್ಲಿ ನಿನಗೆ ಜಡ್ಜ್ ಅಣ್ಣ ಇಲ್ಲ. ಹಾಗಾಗಿ ಎಲ್ಲವನ್ನೂ ಬರಹದಲ್ಲಿ ತರಿಸಿಕೊಳ್ಳಬೇಕು. ಟಿಕೆಟ್ ಅವರೇ ತೆಗೆಸುತ್ತಾರಾ, ಅಥವಾ ನೀನು ತೆಗೆಸಿ ಆಮೇಲೆ ವಸೂಲಿಯಾ? ಸ್ಟೈಪೆಂಡ್ ಮುಂಗಡ ಬರುತ್ತದಾ? ವೀಸಾ ಶುಲ್ಕ, ಬೆಂಗಳೂರಿಗೆ ಹೋಗಿ ಬರುವ ಬಸ್ಸು, ಇನ್ಶೂರೆನ್ಸ್ ಯಾರ ಲೆಕ್ಕ? ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ 90 ಯೂರೋ. ತಿರಸ್ಕಾರವಾದರೂ ಆ ದುಡ್ಡು ವಾಪಸ್ ಬರೋದಿಲ್ಲ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು.

ಇನ್ನೊಂದು. ಅವರು 'ಮೂರು ತಿಂಗಳು' ಎಂದಿದ್ದಾರೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೂಡಿಸು: 92 ದಿನ. ಷೆಂಗೆನ್‌ನಲ್ಲಿ ಯಾವುದೇ 180 ದಿನಗಳ ಲೆಕ್ಕದಲ್ಲಿ ಇರಬಹುದಾದದ್ದು 90 ದಿನ. ಎರಡು ದಿನ ಕಡಿಮೆ ಮಾಡಿ ಪತ್ರ ಕೊಡಿ ಎಂದು ಈಗಲೇ ಕೇಳು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡ.

ನಿಜವಾದ ತೊಡಕು ಬೇರೆ ಕಡೆ ಇದೆ. ನಿಮ್ಮನೆಯ ಅಡಿಕೆ ದುಡ್ಡು ಸೊಸೈಟಿ ಖಾತೆಯಲ್ಲಿರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಅಪ್ಪ ರಿಟರ್ನ್ ಹಾಕಿರಲಿಕ್ಕಿಲ್ಲ. ವೀಸಾ ಕೊಡುವವರು ನೋಡೋದು ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಸಂಬಳದ ಚೀಟಿ. ನೌಕರಿ ಇಲ್ಲದ, ಮದುವೆಯಾಗದ, ಕತೆ ಬರೆಯುವ ಹುಡುಗಿ ವಾಪಸ್ ಬಂದೇ ಬರುತ್ತಾಳೆ ಅಂತ ಅವರು ನಂಬಬೇಕಲ್ಲ! ಎಂಟು ಎಕರೆ ತೋಟದ ಮನೆಯವಳೂ ಆ ಕಾಗದದಲ್ಲಿ ಬಡವಿಯಾಗಿಯೇ ಕಾಣುತ್ತಾಳೆ. ಅದಕ್ಕೇ ಕರೆದವರ ಪತ್ರ ಗಟ್ಟಿ ಇರಬೇಕು. ವಸತಿ, ಊಟ, ಪ್ರಯಾಣ, ವಿಮೆ ನಮ್ಮದು ಎಂದು ತಾರೀಖು ಸಮೇತ ಬರೆದಿರಬೇಕು. 'ನಿಮ್ಮನ್ನು ಸ್ವಾಗತಿಸಲು ಹರ್ಷಿಸುತ್ತೇವೆ' ಅನ್ನೋ ಪತ್ರ ಫ್ರೇಮ್ ಹಾಕಿಸಲಿಕ್ಕೆ ಚೆಂದ. ಸೊಸೈಟಿಯ ಲೆಕ್ಕ, ಅಪ್ಪನ ಪಹಣಿ ಎರಡನ್ನೂ ಇಂಗ್ಲಿಷಿಗೆ ಮಾಡಿಸಿ ಜೊತೆಗಿಡು.

ಇದು ಭಿಕ್ಷೆ ಅಲ್ಲ. ಸಾಂಸ್ಕೃತಿಕ ವೈವಿಧ್ಯದ ಬಗ್ಗೆ 2005ರ ಯುನೆಸ್ಕೊ ಒಪ್ಪಂದ ಇದೆ. ಮುಂದುವರಿದ ದೇಶಗಳು ಅಭಿವೃದ್ಧಿಶೀಲ ದೇಶಗಳ ಕಲಾವಿದರಿಗೆ ಆದ್ಯತೆ ಕೊಟ್ಟು ವಿನಿಮಯ ಸುಲಭ ಮಾಡಬೇಕು ಎನ್ನುತ್ತದೆ ಅದರ 16ನೇ ವಿಧಿ. ಜರ್ಮನಿಯೂ ಒಪ್ಪಿದೆ, ಭಾರತವೂ ಒಪ್ಪಿದೆ. ವೀಸಾ ಕೌಂಟರಿನಲ್ಲಿ ಅದನ್ನು ತೋರಿಸಿದರೆ ಯಾರೂ ತಲೆ ಎತ್ತಿ ನೋಡೋದಿಲ್ಲ, ಬಿಡು. ಆದರೆ ಕರೆದವರ ಹತ್ತಿರ ಕೇಳುವಾಗ ನಿನ್ನ ದನಿ ನಡುಗಬೇಕಾಗಿಲ್ಲ.

ಯಕ್ಷಗಾನದವರ ಪಾಡಿನ ಮುಂದೆ ನಿನ್ನದು ಸಲೀಸು. ಗುಣವಂತೆಯ ಕೆರೆಮನೆ ಮೇಳ ಕಟ್ಟಿದ್ದು 1934ರಲ್ಲಿ. ಆ ಮೇಳ ಹೊರದೇಶಗಳಲ್ಲೂ ಆಟ ಆಡಿದೆ. ಒಂದು ಮೇಳ ಹೊರಟರೆ ಚಂಡೆ, ಮದ್ದಳೆ, ವೇಷದ ಪೆಟ್ಟಿಗೆ ಎಲ್ಲ ಹೊರಡಬೇಕು. ಸುಂಕವಿಲ್ಲದೆ ಒಯ್ದು ವಾಪಸ್ ತರಲು ಎಟಿಎ ಕಾರ್ನೆಟ್ ಎಂಬ ಕಾಗದ ಇದೆ, ನಮ್ಮಲ್ಲಿ ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿಯವರು ಕೊಡುತ್ತಾರೆ. ಚರ್ಮದ ವಾದ್ಯವಾದ್ದರಿಂದ ಆಸ್ಟ್ರೇಲಿಯಾದಂಥ ಕಡೆ ತಪಾಸಣೆ ಬೇರೆ. ಟಿಕೆಟ್ ಉಳಿಸಲು 'ಹಿಮ್ಮೇಳ ಸ್ವಲ್ಪ ಕಡಿಮೆ ಮಾಡಿ' ಅನ್ನುವವರೂ ಉಂಟು. ಭಾಗವತರನ್ನು ಊರಲ್ಲಿ ಬಿಟ್ಟು ಆಟ ಆಡೋದು ಹೇಗೆ? ನಿನಗೆ ಲ್ಯಾಪ್‌ಟಾಪ್ ಸಾಕು.

ಬರವಣಿಗೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಲ್ಲಿ ಕೂತು ಜರ್ಮನಿ ಬಗ್ಗೆಯೇ ಬರೆಯಬೇಕೆಂದಿಲ್ಲ. ಕತೆಗಾರ ಯಶವಂತ ಚಿತ್ತಾಲರು ಮುಂಬೈಯಲ್ಲಿದ್ದುಕೊಂಡೇ ತಮ್ಮೂರು ಹನೇಹಳ್ಳಿಯನ್ನು ಬರೆದರು. ಆದರೆ ಕರೆದವರಿಗೆ ಬೇಕು ಅಂತ ಮಳೆ, ಅಡಿಕೆ, ಅಜ್ಜಿಯನ್ನು ತುರುಕಬೇಡ. ಹೊರಡುವ ಮೊದಲು ಎರಡು ಕತೆಗಳ ಒಳ್ಳೆಯ ಇಂಗ್ಲಿಷ್ ಅನುವಾದ ಮಾಡಿಸು. ಅನುವಾದಕರಿಗೆ ದುಡ್ಡು ಕೊಡು, ಹೆಸರು ಹಾಕು. 2025ರಲ್ಲಿ ಕತೆಗಾರ್ತಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಬಂದ ಇಂಟರ್‌ನ್ಯಾಷನಲ್ ಬೂಕರ್‌ನ 50,000 ಪೌಂಡ್ ಇಬ್ಬರಿಗೂ ಸಮಪಾಲು. ಆ ನಿಯಮ ನನಗೆ ಬಹಳ ಹಿಡಿಸಿತು.

ಕೊನೆಗೆ, ಅಲ್ಲಿಯ ಒಬ್ಬ ಬರಹಗಾರರನ್ನು ಇಲ್ಲಿಗೂ ಕಳಿಸುತ್ತೀರಾ ಎಂದು ಕೇಳಿ ನೋಡು. ನಾವೇ ಯಾವಾಗಲೂ ಹೋಗುವುದಾದರೆ ಅದನ್ನು ವಿನಿಮಯ ಅನ್ನುವುದು ಹೇಗೆ? ನಮ್ಮನೆಯ ಮೇಲಿನ ಕೋಣೆ ಖಾಲಿ ಇದೆ. ವಿದೇಶದವರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರ್ಮ್ ತುಂಬಬೇಕು, ಅದು ನನ್ನ ಕೆಲಸ. ಬರುವವರು ಮೀನು ತಿನ್ನುತ್ತಾರಾ ಎಂದು ಮಾತ್ರ ಮೊದಲೇ ತಿಳಿಸು, ನಿನ್ನ ಅತ್ತಿಗೆ ಈಗಲೇ ಕೇಳುತ್ತಿದ್ದಾಳೆ.

ನಿನ್ನ,
ಕಾರವಾರದ ಅಣ್ಣ